ನಡುವಿನ ಫೈಲು

ಅವಳಿಗೆ ಕೊಕ್ಕೆ ಅಂತ ಹೆಸರಿಟ್ಟಿದ್ದು ಒಡಹುಟ್ಟಿದ ತಮ್ಮನೇ. ಅವನು ಯಾವ ಕೆಲಸ ಮುಗಿಸಿ ಉಸ್ಸೆಂದು ಕೂತರೂ ಅದಕ್ಕೊಂದು ಕೊಕ್ಕೆ ಹಾಕದಿದ್ದರೆ ಅಕ್ಕನಿಗೆ ತಿಂದದ್ದು ಅರಗುತ್ತಿರಲಿಲ್ಲ. ಕೊಕ್ಕೆ ಹಾಕುವುದೇ ಅವಳ ಉದ್ಯೋಗ ಅನ್ನುವುದು ಬೇರೆ ಮಾತು. ತಮ್ಮ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದ, ಅಕ್ಕ ಅದನ್ನು ಕೆಡವಿ ನೋಡುತ್ತಿದ್ದಳು, ಸೋದರಮಾವ ಅಂಗಡಿ ಅಂಗಡಿ ಅಲೆದು ಅದನ್ನು ಮಾರುತ್ತಿದ್ದ. ಟಯರ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಈ ಮೂವರ ಕಂಪನಿ. ಕೆಳಗೆ ಬೆಳಗಿನಿಂದ ಸಂಜೆತನಕ ಸುತ್ತಿಗೆಯ ಏಟು, ಗಾಳಿ ತುಂಬುವ ಯಂತ್ರದ ಬೊಬ್ಬೆ. ಮೇಲಿನವರು ಮಾತಾಡಬೇಕಾದರೂ ಕಿರುಚಬೇಕು. ಹಾಗಾಗಿ ಇಲ್ಲಿ ಯಾರು ಕಿರುಚಿದರೂ ಕೆಳಗಿನವರು ತಲೆ ಎತ್ತಿ ನೋಡುತ್ತಿರಲಿಲ್ಲ.

ಅವರ ಸರಕಿನ ಹೆಸರು ಹಮಾಲಿ. ನೋಡುವುದಕ್ಕೆ ಚೆಂದವೇನಲ್ಲ. ಬಟನ್ ಇಲ್ಲ, ಬಣ್ಣ ಇಲ್ಲ. ಕಪ್ಪು ಪರದೆಯ ಮೇಲೆ ಎಲ್ಲಿಂದ ಎಲ್ಲಿಗೆ ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಒಂದು ಡಿಸ್ಕಿನ ಫೈಲುಗಳನ್ನೆಲ್ಲ ಹೊತ್ತು ಇನ್ನೊಂದು ಡಿಸ್ಕಿಗೆ ಹಾಕುತ್ತಿತ್ತು. ಕೊನೆಗೆ ಒಂದೇ ಒಂದು ಸಾಲು ಹೇಳುತ್ತಿತ್ತು. ಎಲ್ಲ ನೆಟ್ಟಗಿದ್ದರೆ, ಎಲ್ಲ ಫೈಲುಗಳೂ ತಲುಪಿವೆ. ಏನಾದರೂ ಕೆಟ್ಟಿದ್ದರೆ, ಕೆಲಸ ಪೂರ್ತಿಯಾಗಿಲ್ಲ. ಈ ಎರಡನೆಯ ಸಾಲು ಬರಬೇಕಾದ ಕಡೆ ಬರುತ್ತದೋ ಇಲ್ಲವೋ ನೋಡುವುದು ಕೊಕ್ಕೆಯ ಪಾಲಿನ ಕೆಲಸವಾಗಿತ್ತು.

ಆ ಕೆಲಸದಲ್ಲಿ ಅವಳಿಗೆ ದಯೆ ದಾಕ್ಷಿಣ್ಯ ಅನ್ನುವುದೇ ಇರಲಿಲ್ಲ. ಹಮಾಲಿ ಓಡುತ್ತಿರುವಾಗಲೇ ವೈರು ಕಿತ್ತೆಸೆಯುತ್ತಿದ್ದಳು. ತಲುಪಬೇಕಾದ ಡಿಸ್ಕಿಗೆ ಕಂಠಮಟ್ಟ ಕಸ ತುಂಬಿ ಉಸಿರುಗಟ್ಟಿಸುತ್ತಿದ್ದಳು. ಅರ್ಧದಾರಿಯಲ್ಲಿ ಕತ್ತು ಹಿಸುಕಿ ಸಾಯಿಸಿ ಮತ್ತೆ ಎಬ್ಬಿಸುತ್ತಿದ್ದಳು. ಫೈಲೊಂದಕ್ಕೆ ಬೀಗ ಜಡಿದು ಓದಲಾಗದಂತೆ ಮಾಡಿ, ಹಮಾಲಿ ಅದರ ಮುಂದೆ ಬಂದು ಹೇಗೆ ಒದ್ದಾಡುತ್ತದೆ ಅಂತ ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದಳು. ತಮ್ಮ ಪಕ್ಕದ ಮೇಜಿನಿಂದ, ಸಾಕು ಕೊಲೆಗಾತಿ, ನನ್ನ ಕೂಸನ್ನು ಬಿಡು ಅನ್ನುತ್ತಿದ್ದ. ಇಷ್ಟೆಲ್ಲ ಮಾಡುವ ಹೆಂಗಸು ಬೀದಿಯಲ್ಲಿ ಇಬ್ಬರು ಕೈಕೈ ಮಿಲಾಯಿಸಿದರೆ ಎದುರು ಬದಿಗೆ ದಾಟಿಕೊಂಡು ಹೋಗುವಂಥವಳು.

ಕೆಡಿಸಿದ ಫೈಲುಗಳ ಹೆಸರನ್ನೆಲ್ಲ ಅವಳು ಝಡ್ ಅಕ್ಷರದಿಂದಲೇ ಶುರುಮಾಡುತ್ತಿದ್ದಳು. ಹಮಾಲಿ ಹೆಸರಿನ ಅಕ್ಷರಕ್ರಮದಲ್ಲೇ ಫೈಲು ಹೊರುವುದರಿಂದ ಅವೆಲ್ಲ ಪಟ್ಟಿಯ ತಳದಲ್ಲಿ ಒಟ್ಟಿಗೆ ಸಿಗಲಿ, ಒಳ್ಳೆಯವುಗಳ ಜೊತೆ ಬೆರೆತು ತಲೆಬಿಸಿ ಮಾಡದಿರಲಿ ಅಂತ. ಅಡುಗೆಮನೆಯಾಗಲಿ ಕಂಪ್ಯೂಟರಾಗಲಿ, ಕೊಳೆತದ್ದನ್ನು ಆರಿಸಿ ಒಂದು ಮೂಲೆಗೆ ಹಾಕುವುದು ಅವಳ ಅಭ್ಯಾಸ.

ಆ ದಿನ ಮಾವ ಊರೂರು ತಿರುಗಲು ಹೋಗಿದ್ದ. ಕಾಫಿ ಕುಡಿದ ಲೋಟ ಇನ್ನೂ ಮೇಜಿನ ಮೇಲಿತ್ತು. ಬಾಗಿಲು ತಳ್ಳಿಕೊಂಡು ಒಬ್ಬ ಒಳಗೆ ಬಂದ. ಉಗುರಿನ ಸಂದಿಯಲ್ಲಿ ಗ್ರೀಸು, ನಿದ್ದೆಗೆಟ್ಟು ಕೆಂಪಗಾದ ಕಣ್ಣು, ಬೆನ್ನ ಹಿಂದೆ ಮಡಚಿದ ಒಂದು ಕೈ. ತಾನು ಬೈಕ್ ಗ್ಯಾರೇಜಿನವನು, ಹಮಾಲಿಯನ್ನು ನಿಮ್ಮ ಮಾವನಿಂದ ಕೊಂಡವನು ಅಂದ. ಬರೆದವರು ಯಾರು ಅಂತ ಕೇಳಿದ.

ತಮ್ಮನಿಗೆ ಹಿಗ್ಗೋ ಹಿಗ್ಗು. ಗಿರಾಕಿಗಳು ಮಾವನ ಬೆನ್ನು ತಟ್ಟುತ್ತಿದ್ದರೇ ಹೊರತು ಬರೆದವನನ್ನು ಹುಡುಕಿಕೊಂಡು ಮೆಟ್ಟಿಲು ಹತ್ತಿದವರು ಅವತ್ತಿನತನಕ ಒಬ್ಬರೂ ಇರಲಿಲ್ಲ. ಎದ್ದು ನಿಂತು, ಕೂದಲು ಸರಿಮಾಡಿಕೊಂಡು, ನಾನೇ ಸಾರ್ ಅಂದ.

ಬೆನ್ನ ಹಿಂದಿದ್ದ ಕೈ ಮುಂದೆ ಬಂತು. ಅದರಲ್ಲಿ ಮೊಳದುದ್ದದ ಸ್ಪ್ಯಾನರ್ ಇತ್ತು. ಮೊದಲನೆಯ ಏಟು ತಮ್ಮನ ಭುಜಕ್ಕೆ ಬಿತ್ತು, ಎರಡನೆಯದು ಮಾನಿಟರಿಗೆ. ಗಾಜು ಚೂರುಚೂರಾಗಿ ಕೀಬೋರ್ಡಿನ ಮೇಲೆಲ್ಲ ಹರಡಿತು. ತಮ್ಮ ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದ. ಗ್ಯಾರೇಜಿನವನು ಅವನ ಪಕ್ಕೆಗೆ ಬೂಟುಕಾಲಿನಿಂದ ಒದ್ದ, ಮತ್ತೆ ಒದ್ದ, ಬಾಯಿಂದ ಮಾತು ಹೊರಡದಂತೆ ಒದ್ದ. ಕೊಕ್ಕೆ ಹೋಗಿ ಅವನ ತೋಳಿಗೆ ಜೋತುಬಿದ್ದಳು. ಅವನು ಮೈಮೇಲೆ ಕೂತ ನೊಣ ಕೊಡವಿದ ಹಾಗೆ ಕೊಡವಿದ. ಅವಳ ತುಟಿ ಕಪಾಟಿನ ಅಂಚಿಗೆ ಬಡಿದು ಒಡೆಯಿತು. ಅವನು ಬಾಗಿಲ ಚಿಲಕ ಹಾಕಿದ. ಕೆಳಗೆ ಸುತ್ತಿಗೆ ತನ್ನ ಪಾಡಿಗೆ ತಾನು ಬಡಿಯುತ್ತಿತ್ತು.

ಆಮೇಲೆ ಅವನು ತಮ್ಮನ ಕಾಲರ್ ಹಿಡಿದು ಎತ್ತಿ, ಬಲಗೈಯನ್ನು ಮೇಜಿನ ಮೇಲೆ ಅಂಗಾತ ಒತ್ತಿ ಹಿಡಿದು, ಅದರ ಮೇಲೆ ಸ್ಪ್ಯಾನರಿಟ್ಟು ವಿಷಯ ಹೇಳಿದ. ಜೋರಾಗಿ ಹೇಳಲಿಲ್ಲ. ಅಷ್ಟು ಮೆಲ್ಲಗೆ ಮಾತಾಡುವವನಿಗೆ ಅಷ್ಟು ಬಲ ಇರಬಾರದಿತ್ತು.

ಅವನಿಗೊಬ್ಬ ತಮ್ಮನಿದ್ದ. ಗ್ಯಾರೇಜಿನೊಳಗೇ ಅವನನ್ನು ಕೆಲವರು ಸರಳಿನಿಂದ ಬಡಿದು ಕೊಂದರು. ಎಲ್ಲವೂ ಗೋಡೆಯ ಕ್ಯಾಮೆರಾದಲ್ಲಿತ್ತು, ಮಾತು ಸಮೇತ. ಪೊಲೀಸರು ಅದನ್ನು ತಂದುಕೊಡು ಅಂದರು. ಇವನು ಕ್ಯಾಮೆರಾದ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹಮಾಲಿಯ ತಲೆಮೇಲೆ ಹೊರಿಸಿದ. ಎಲ್ಲ ಫೈಲುಗಳೂ ತಲುಪಿವೆ ಅಂತ ಅದು ಹೇಳಿತು. ಹಾಗೆ ಹೇಳಿದ ಕೂಡಲೇ ಕ್ಯಾಮೆರಾದ ಡಿಸ್ಕು ಒರೆಸಿ ಖಾಲಿಯಾಗುವಂತೆ ಮಾವನೇ ಜೋಡಿಸಿಕೊಟ್ಟಿದ್ದ, ಹೊಸ ರೆಕಾರ್ಡಿಂಗಿಗೆ ಜಾಗ ಬೇಕಲ್ಲ. ಠಾಣೆಯಲ್ಲಿ ತೆರೆದು ನೋಡಿದರೆ ಆ ಸಂಜೆಯ ಒಂದು ಫೈಲು ಮಾತ್ರ ಇರಲಿಲ್ಲ. ಕಂಡವರೆಲ್ಲ ಹೆದರಿ ಬಾಯಿ ಹೊಲಿದುಕೊಂಡರು. ಕೊಂದವರು ಮೊನ್ನೆ ಬಿಡುಗಡೆಯಾಗಿ, ಅವನ ಗ್ಯಾರೇಜಿನ ಮುಂದೆಯೇ ಬೈಕು ನಿಲ್ಲಿಸಿ, ಚಕ್ರಕ್ಕೆ ಗಾಳಿ ಹಾಕು ಅಂದರಂತೆ.

"ಗಾಳಿ ಹಾಕ್ಕೊಟ್ಟೆ," ಅಂದ ಅವನು. "ಈಗ ಹೇಳಿ. ನನ್ನ ತಮ್ಮನ್ನ ಎಲ್ಲಿ ಬೀಳಿಸಿತು ನಿಮ್ಮ ಹಮಾಲಿ?"

ತಮ್ಮ ಪಕ್ಕೆ ಹಿಡಿದುಕೊಂಡೇ ವಾದಕ್ಕಿಳಿದ. ಇಂಥ ಹೊತ್ತಿನಲ್ಲೂ ಅವನಿಗೆ ತನ್ನ ಕೂಸಿನ ಮೇಲೆ ಒಂದು ಮಾತು ಬಂದರೂ ತಡೆಯುತ್ತಿರಲಿಲ್ಲ. ಹಮಾಲಿ ಸುಳ್ಳು ಹೇಳುವುದಿಲ್ಲ, ಓದಲಾಗದ ಫೈಲು ಸಿಕ್ಕರೆ ಹೇಳಿಯೇ ಹೇಳುತ್ತದೆ, ಅಕ್ಕ ಎಲ್ಲ ರೀತಿಯಲ್ಲೂ ಕೆಡಿಸಿ ನೋಡಿದ್ದಾಳೆ, ಬೇಕಾದರೆ ಕೇಳಿ ಅಂದ. ಗ್ಯಾರೇಜಿನವನು ಸ್ಪ್ಯಾನರಿನ ತುದಿಯಿಂದ ಅವನ ಕಿರುಬೆರಳ ಮೇಲೆ ಸುಮ್ಮನೆ ಒಮ್ಮೆ ಒತ್ತಿದ. ತಮ್ಮ ಹಂದಿಮರಿಯ ಹಾಗೆ ಕೀರಿದ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ತುತ್ತು ಕಲಸಿ ಆ ಕೈಯಲ್ಲಿ ಇಟ್ಟವಳು ಕೊಕ್ಕೆ, ಆ ಕೈಗೆ ಬಳಪ ಹಿಡಿಸಿದವಳು ಅವಳು. ಅದಕ್ಕೆ ಏನೂ ಆಗಬಾರದು. ಅವಳ ತಲೆಯಲ್ಲಿ ಆಗ ಇದ್ದದ್ದು ಅಷ್ಟೇ.

"ಅಣ್ಣಾ, ಅವನ ಕೈ ಬಿಡಿ. ನಾನು ತೋರಿಸ್ತೀನಿ," ಅಂದಳು.

ಅವನು ಕೈ ಬಿಡಲಿಲ್ಲ. ತೋರಿಸು ಅಂತ ಗದ್ದದಲ್ಲೇ ಹೇಳಿದ.

ಅವಳು ತನ್ನ ಕಂಪ್ಯೂಟರಿನ ಮುಂದೆ ಕೂತಳು. ತುಟಿಯ ರಕ್ತ ಕೀಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು, ಸೆರಗಿನಿಂದ ಒರೆಸಿದಳು. ಯಾವಾಗಲೂ ಮಾಡುವ ಪರೀಕ್ಷೆಯನ್ನೇ ಮಾಡಿದಳು. ಸಾವಿರಾರು ಒಳ್ಳೆಯ ಫೈಲು, ತಳದಲ್ಲಿ ಬೀಗ ಜಡಿದ ಒಂದು ಝಡ್. ಪರದೆಯ ಮೇಲೆ ಹೆಸರುಗಳು ಸರಸರನೆ ಹರಿದು ಕೊನೆಯ ಸಾಲು ಬಂತು. ಕೆಲಸ ಪೂರ್ತಿಯಾಗಿಲ್ಲ. ನೋಡಿ ಅಣ್ಣಾ, ಸರಿಯಾಗೇ ಹೇಳಿತಲ್ಲ ಅಂದಳು. ಅವಳ ದನಿಯಲ್ಲಿ ಒಂದಿಷ್ಟು ಜಂಬವೂ ಇತ್ತು, ಪಾಪ.

ಗ್ಯಾರೇಜಿನವನು ಪರದೆಯ ಕೊನೆಯ ಸಾಲು ಓದಿದ. ತನಗೆ ಬಂದದ್ದು ಈ ಸಾಲಲ್ಲ ಅಂದ. ತನ್ನ ಕೆಟ್ಟ ಫೈಲು ಹೀಗೆ ಕೊನೆಯಲ್ಲಿರಲಿಲ್ಲ, ಅದರ ಹಿಂದಿನ ಗಂಟೆಯದೂ ಬಂದಿದೆ, ಮುಂದಿನ ಗಂಟೆಯದೂ ಬಂದಿದೆ, ನಡುವಿನದು ಮಾತ್ರ ಇಲ್ಲ ಅಂದ.

ನಡುವಿನದು ಅನ್ನುವ ಮಾತು ಕಿವಿಗೆ ಬಿದ್ದಾಗ ಕೊಕ್ಕೆ ಪಟ್ಟಿಯ ತಳದಲ್ಲಿದ್ದ ಆ ಝಡ್ ಕಡೆ ನೋಡಿದಳು. ಇಷ್ಟು ವರ್ಷದಲ್ಲಿ ಅವಳು ಒಂದೇ ಒಂದು ಕೆಟ್ಟ ಫೈಲನ್ನೂ ನಡುವೆ ಇಟ್ಟಿರಲಿಲ್ಲ. ಎಲ್ಲವನ್ನೂ ಗುಡಿಸಿ ತಳಕ್ಕೆ ಹಾಕಿದ್ದಳು. ಆ ಫೈಲಿನ ಹೆಸರು ಬದಲಿಸಿದಳು, ಎಮ್ ಅಕ್ಷರ ಕೊಟ್ಟಳು. ಎಂಟರ್ ಒತ್ತಿದಳು.

ಹೆಸರುಗಳು ಹರಿದವು. ನಡುವಿನಲ್ಲೆಲ್ಲೋ ಒಂದು ಸಾಲು, ಓದಲಾಗಲಿಲ್ಲ ಅಂತ, ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲೆ ಹೋಗಿ ಮಾಯವಾಯಿತು. ಅದರ ಹಿಂದೆ ಒಳ್ಳೆಯ ಫೈಲುಗಳು ಸಾಲುಗಟ್ಟಿ ಬಂದವು. ಕೊನೆಗೆ ಹಮಾಲಿ ಹೇಳಿತು, ಎಲ್ಲ ಫೈಲುಗಳೂ ತಲುಪಿವೆ.

ಆಗಿದ್ದಿಷ್ಟೇ. ಕೆಲಸ ಕೆಟ್ಟಿತೋ ಇಲ್ಲವೋ ಅನ್ನುವುದನ್ನು ನೆನಪಿಡಲು ತಮ್ಮ ಹಮಾಲಿಗೆ ಒಂದೇ ಒಂದು ಜಾಗ ಕೊಟ್ಟಿದ್ದ. ಪ್ರತಿ ಫೈಲೂ ಬಂದು ಹಿಂದಿನದರ ಗುರುತನ್ನು ಒರೆಸಿ ತನ್ನ ಗುರುತು ಹಾಕುತ್ತಿತ್ತು. ಕೊನೆಯ ಫೈಲು ಚೆನ್ನಾಗಿದ್ದರೆ ಹಮಾಲಿಯ ಪಾಲಿಗೆ ಎಲ್ಲವೂ ಚೆನ್ನ. ತಪ್ಪು ಬರೆದವನು ತಮ್ಮ, ಸರಿ. ಆದರೆ ಹಿಡಿಯಬೇಕಾದವಳು ಅವಳು. ಹಿಡಿಯಲಾಗದ ಜಾಗದಲ್ಲೇ ದಿನಾ ಬಲೆ ಹಾಸಿ ಕೂತವಳೂ ಅವಳೇ.

ಅದು ಅವಳಿಗೆ ಆಗಲೇ ಸ್ಪಷ್ಟವಾಗಿತ್ತು. ಇದು ನನ್ನದು, ನನ್ನ ಕೈ ತಗೊಳ್ಳಿ ಅಂತ ಹೇಳಬೇಕು ಅನ್ನುವುದೂ ಸ್ಪಷ್ಟವಾಗಿತ್ತು. ಆದರೆ ಒಂದು ಸಲ ಕಂಡದ್ದನ್ನು ಇನ್ನೊಂದು ಸಲ ಕಾಣದೆ ಬಾಯಿಬಿಡುವ ಜಾಯಮಾನ ಅವಳದಲ್ಲ. ಪ್ರಾಣ ಹೋಗುವ ಹೊತ್ತಿನಲ್ಲೂ ಬೆರಳುಗಳು ತಾವಾಗಿಯೇ ಅದೇ ಪರೀಕ್ಷೆಯನ್ನು ಮತ್ತೆ ಓಡಿಸಿದವು.

"ಯಾರ ತಪ್ಪು ಇದು?" ಗ್ಯಾರೇಜಿನವನು ಕೇಳಿದ. "ಒಬ್ಬರ ಕೈ ಸಾಕು ನಂಗೆ. ಇನ್ನೊಬ್ಬರನ್ನ ಮುಟ್ಟಲ್ಲ. ಹೇಳಿ."

ಹೆಸರುಗಳು ಹರಿಯುತ್ತಿದ್ದವು. ಅವನು ಸ್ಪ್ಯಾನರ್ ಎತ್ತಿದ. ಕೊಕ್ಕೆ ಪರದೆಯಿಂದ ಮುಖ ತಿರುಗಿಸಿ ಬಾಯಿ ತೆರೆದಳು.

"ಅಕ್ಕಂದು," ಅಂದ ತಮ್ಮ. "ಟೆಸ್ಟ್ ಮಾಡೋಳು ಅವಳು. ಅವಳದೇ ತಪ್ಪು."

ಅವಳ ಬಾಯಿ ತೆರೆದೇ ಇತ್ತು. ಹಿಂದುಗಡೆ ಹಮಾಲಿ ಎರಡನೆಯ ಸಲವೂ ಎಲ್ಲ ಫೈಲುಗಳೂ ತಲುಪಿವೆ ಅಂದಿತು, ಯಾರೂ ನೋಡಲಿಲ್ಲ. ಗ್ಯಾರೇಜಿನವನು ತಮ್ಮನ ಕೈ ಬಿಟ್ಟು ಅವಳ ಕಡೆ ಬಂದ. ಅವಳು ತಾನಾಗಿಯೇ ಬಲಗೈ ಮೇಜಿನ ಮೇಲಿಟ್ಟಳು. ಅವನು ಅರೆಗಳಿಗೆ ಆ ಕೈಯನ್ನೂ ಅವಳ ಮುಖವನ್ನೂ ನೋಡಿದ. ಆಮೇಲೆ ಹೊಡೆದ.

ಮುಂಗೈ ಮುರಿದ ಸದ್ದು ಅವಳಿಗೆ ನೋವಿಗಿಂತ ಮೊದಲು ಕೇಳಿಸಿತು. ಆಮೇಲೆ ನೋವು ಭುಜದತನಕ ಏರಿತು. ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಳು. ಕೈ ಎಲ್ಲಿ ಮಡಚಬಾರದೋ ಅಲ್ಲಿ ಮಡಚಿತ್ತು. ಗೋಡೆಗೆ ಅಂಟಿಕೊಂಡು ತಮ್ಮ ಅಕ್ಕಾ ಅಕ್ಕಾ ಅನ್ನುತ್ತಿದ್ದ, ಹತ್ತಿರ ಮಾತ್ರ ಬರಲಿಲ್ಲ.

ಗ್ಯಾರೇಜಿನವನು ಸ್ಪ್ಯಾನರನ್ನು ಮೇಜಿನ ಮೇಲಿಟ್ಟು ಅವಳ ಖಾಲಿ ಕುರ್ಚಿಯಲ್ಲಿ ಕೂತ. ಬಂದ ಕೆಲಸ ಮುಗಿದಿತ್ತು, ಆದರೆ ಕೆಲಸ ಮುಗಿಸಿದವನ ನಿರಾಳ ಅವನ ಮುಖದಲ್ಲಿರಲಿಲ್ಲ. ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತ ಮಾತಾಡಿದ.

"ಅವತ್ತು ಅವರು ಬಂದಿದ್ದು ನನ್ನನ್ನ ಹುಡುಕ್ಕೊಂಡು. ನಾನು ಅಟ್ಟದ ಮೇಲಿದ್ದೆ, ಹಳೇ ಸೀಟುಗಳ ಹಿಂದೆ. ನಿನ್ನ ಅಣ್ಣ ಎಲ್ಲಿ ಅಂತ ಕೇಳೋರು, ಹೊಡೆಯೋರು. ಮತ್ತೆ ಕೇಳೋರು, ಹೊಡೆಯೋರು. ಒಂದು ಬೆರಳು ಮೇಲೆ ತೋರಿಸಿದ್ರೆ ಸಾಕಿತ್ತು. ತೋರಿಸ್ಲಿಲ್ಲ. ನಾನೂ ಇಳಿದು ಬರ್ಲಿಲ್ಲ."

ಆ ವಿಡಿಯೋ ಇದ್ದಿದ್ದರೆ ತನ್ನ ತಮ್ಮ ಎಂಥವನು ಅಂತ ನಾಲ್ಕು ಜನ ನೋಡುತ್ತಿದ್ದರು ಅಂದ. ಈಗ ಅದು ತನ್ನೊಬ್ಬನ ಕಿವಿಯಲ್ಲಿ ಮಾತ್ರ ಉಳಿದಿದೆ, ರಾತ್ರಿ ಹಗಲು ಕೇಳುತ್ತಲೇ ಇದೆ ಅಂದ. ಆಮೇಲೆ ತಲೆ ಎತ್ತಿ ಗೋಡೆಯ ಹತ್ತಿರ ನಿಂತವನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು.

"ನೀನೂ ಒಬ್ಬ ತಮ್ಮ," ಅಂದ.

ತಮ್ಮ ಮೇಜಿನ ಮೇಲಿದ್ದ ಸ್ಪ್ಯಾನರ್ ಎತ್ತಿಕೊಂಡದ್ದನ್ನು ಕೊಕ್ಕೆ ನೆಲದಿಂದ ನೋಡಿದಳು. ಬೇಡ ಕಣೋ ಅಂದಳು. ಮೊದಲ ಏಟು ಗ್ಯಾರೇಜಿನವನ ಕಪಾಲಕ್ಕೆ ಬಿತ್ತು. ಅವನು ತಡೆಯಲು ಕೈ ಎತ್ತಲಿಲ್ಲ. ಎರಡನೆಯದಕ್ಕೆ ಕುರ್ಚಿಯಿಂದ ಉರುಳಿದ. ಅವನು ಬಿದ್ದ ಮೇಲೂ ತಮ್ಮ ಹೊಡೆದ. ದವಡೆಗೆ, ಹಲ್ಲಿಗೆ, ಆ ಮಾತು ಹೊರಟ ಬಾಯಿಗೆ. ಹೊಡೆಯುತ್ತ, ಹೇಳು, ಇನ್ನೊಂದು ಸಲ ಹೇಳು ಅಂತ ಕಿರುಚುತ್ತಿದ್ದ. ರಕ್ತ ಗೋಡೆಗೆ ಹಾರಿತು, ಅಕ್ಕನ ಮುಖಕ್ಕೂ ಹಾರಿತು. ಹುಟ್ಟಿದಾಗಿನಿಂದ ನೋಡಿದ್ದ ಹುಡುಗನ ಮುಖ ಅವಳಿಗೆ ಆಗ ಗುರುತೇ ಸಿಗಲಿಲ್ಲ. ಎಡಗೈ ಊರಿಕೊಂಡು ತೆವಳಿ ಹೋಗಿ ಅವನ ಕಾಲು ಹಿಡಿದಳು. ಅವನು ಅವಳನ್ನೂ ಒದ್ದು ಹೊಡೆಯುತ್ತಲೇ ಹೋದ.

ಕೆಳಗೆ ಅದೇ ಹೊತ್ತಿಗೆ ಗಾಳಿ ಯಂತ್ರ ನಿಂತಿತ್ತಂತೆ. ಹಾಗಾಗಿ ಕಿರುಚಾಟ ಕೇಳಿಸಿತು. ಟಯರ್ ಅಂಗಡಿಯವರು ಬಾಗಿಲು ಒಡೆದು ಬಂದು ತಮ್ಮನನ್ನು ಹಿಂದಿನಿಂದ ತಬ್ಬಿ ಹಿಡಿದರು. ಹಿಡಿಯಬೇಕಾದವನು ಅವನೇ ಅಂತ ಅವರಿಗೆ ನೋಡಿದ ಕೂಡಲೇ ಗೊತ್ತಾಗಿತ್ತು.

ಗ್ಯಾರೇಜಿನವನು ಸಾಯಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದಾನೆ, ಹೆಂಡತಿ ಮಕ್ಕಳ ಗುರುತು ಸಿಗುವುದಿಲ್ಲ, ಮಾತಿಲ್ಲ. ಕೊಕ್ಕೆಯ ಮುಂಗೈಯೊಳಗೆ ಉಕ್ಕಿನ ಪಟ್ಟಿ ಹಾಕಿ ಹೊಲಿದರು. ತಮ್ಮ ಜೈಲು ಸೇರಿದ. ಸ್ಪ್ಯಾನರ್ ಮೇಜಿನ ಮೇಲಿಟ್ಟು ಕೂತಿದ್ದವನನ್ನು ಬಡಿದದ್ದು ಆತ್ಮರಕ್ಷಣೆ ಹೇಗಾಗುತ್ತದೆ ಅಂತ ಪೊಲೀಸರು ಮಾವನನ್ನೂ ವಕೀಲರನ್ನೂ ಕೇಳಿದರು.

ತಮ್ಮ ಮೊದಮೊದಲು ಅಕ್ಕನನ್ನು ನೋಡಲು ಒಪ್ಪಲಿಲ್ಲ. ಊಟ ಬಿಟ್ಟಿದ್ದಾನೆ, ಗೋಡೆ ಕಡೆ ತಿರುಗಿ ಮಲಗುತ್ತಾನೆ, ನಾನು ಅಕ್ಕನನ್ನು ಮಾರಿಬಿಟ್ಟೆ ಅಂತ ಒಂದೇ ಮಾತು ಹೇಳುತ್ತಾನೆ ಅಂತ ಮಾವ ಬಂದು ಹೇಳಿದ. ಅವನ ಮೇಲೆ ಕೊಕ್ಕೆಗೆ ಸಿಟ್ಟಿರಲಿಲ್ಲವೇ ಅಂದರೆ ಇತ್ತು. ಮುರಿದ ಕೈ ಹಿಡಿದುಕೊಂಡು ಹಾಸಿಗೆಯಲ್ಲಿ ಅತ್ತಾಗ ಅವಳ ಕಿವಿಯಲ್ಲಿ ಇದ್ದದ್ದು ಮೂಳೆಯ ಸದ್ದಲ್ಲ, ಅಕ್ಕಂದು ಅನ್ನುವ ಒಂದು ಮಾತು. ಆದರೂ ತಮ್ಮ ಹೀಗೆ ಕರಗುವುದನ್ನು ನೋಡುತ್ತ ಕೂರಲು ಅವಳಿಂದಾಗಲಿಲ್ಲ. ಅವನ ಎದೆಯ ಭಾರ ಇಳಿಸುವ ಮಾತೊಂದು ತನ್ನ ಬಳಿ ಇದೆ, ಅದನ್ನು ಹೇಳಿಬಿಟ್ಟರೆ ಹುಡುಗ ಒಂದು ತುತ್ತು ತಿಂದಾನು ಅಂತ ಅವಳು ನಿಜವಾಗಿ ನಂಬಿದ್ದಳು.

ಭೇಟಿಯ ಕೋಣೆಯಲ್ಲಿ ಇಬ್ಬರ ನಡುವೆ ಕಬ್ಬಿಣದ ಜಾಲರಿ. ತಮ್ಮ ಬಂದು ಕೂತ, ಅವಳ ಬ್ಯಾಂಡೇಜು ನೋಡಿ ಮುಖ ತಿರುಗಿಸಿದ. ಊಟ ಮಾಡ್ತಿಲ್ಲವಂತೆ ಅಂತ ಅವಳು ಬೈದಳು. ಮಾವ ಒಳ್ಳೆಯ ವಕೀಲರನ್ನು ಹುಡುಕುತ್ತಿದ್ದಾನೆ ಅಂದಳು. ಕೊನೆಗೆ ಅವಳು ಜಾಲರಿಗೆ ಮುಖ ಹತ್ತಿರ ತಂದಳು.

"ನೀನು ಹೇಳದೇ ಇದ್ದಿದ್ರೂ ಹಾಗೇ ಆಗ್ತಿತ್ತು ಕಣೋ. ನಾನೇ ಹೇಳೋಳಿದ್ದೆ, ನಂದೇ ತಪ್ಪು ಅಂತ. ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ನೀನು ಹೇಳ್ದೆ. ಒಂದು ಉಸಿರಿನ ವ್ಯತ್ಯಾಸ ಅಷ್ಟೇ. ನೀನೇನೂ ನನ್ನ ಕೈ ಕಳೀಲಿಲ್ಲ."

ತಮ್ಮ ಅವಳನ್ನೇ ನೋಡಿದ. ಅವನ ಮುಖ ಸಡಿಲವಾಗುತ್ತದೆ ಅಂತ ಅವಳು ಕಾದಳು. ಅದು ಸಡಿಲವಾಗಲಿಲ್ಲ.

"ನಿಜವಾ ಅಕ್ಕ?"

"ನಿನ್ನಾಣೆ."

"ಅಂದ್ರೆ ನಾನು ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು," ಅಂದ. ಮೆಲ್ಲಗೆ, ಲೆಕ್ಕ ಹಾಕುವವನ ಹಾಗೆ. "ಒಂದು ಉಸಿರು. ಅಷ್ಟು ತಡೆದಿದ್ರೆ ನನ್ನ ಕೈಯೂ ಉಳೀತಿತ್ತು, ನಾನೂ ಅವನ ತಮ್ಮನ ಥರ ಆಗ್ತಿದ್ದೆ. ಅವನು ನನ್ನ ನೋಡಿ ಆ ಮಾತು ಹೇಳ್ತಾನೇ ಇರ್ಲಿಲ್ಲ. ನಾನು ಅವನಿಗೆ ಹೊಡೀತಾನೂ ಇರ್ಲಿಲ್ಲ."

ಹಾಗಲ್ಲ ಕಣೋ ಅಂದಳು ಅವಳು. ಹಾಗೆಯೇ ಇತ್ತು.

"ಇದನ್ನ ಯಾಕೆ ಹೇಳ್ದೆ ಅಕ್ಕ?" ಅಂದ ತಮ್ಮ.

ಅವನು ಎದ್ದು ನಿಂತು ಬಲಗೈಯನ್ನು ಜಾಲರಿಯ ಕಬ್ಬಿಣದ ಚೌಕಟ್ಟಿಗೆ ಬಡಿದ. ಮುಷ್ಟಿ ಕಟ್ಟಿ, ಇರುವ ಬಲವನ್ನೆಲ್ಲ ಹಾಕಿ, ಮತ್ತೆ ಬಡಿದ. ಅವಳು ಎಡಗೈಯನ್ನು ಜಾಲರಿಯ ಕಣ್ಣಿನೊಳಗೆ ತೂರಿಸಲು ನೋಡಿದಳು, ಎರಡು ಬೆರಳಿಗಿಂತ ಹೆಚ್ಚು ಹೋಗಲಿಲ್ಲ. ಬಿಡೋ, ಕೈ ಬಿಡೋ ಅಂತ ಕೂಗಿಕೊಂಡಳು. ಕಾವಲಿನವರು ಓಡಿಬಂದು ಅವನನ್ನು ಹಿಡಿಯುವ ಹೊತ್ತಿಗೆ ಬೆರಳುಗಳು ಮುರಿದಿದ್ದವು.